ಕೊಳಲಿಲ್ಲದ ವೇಣುಗೋಪಾಲ: ಒಂದು ಹಿತ್ತಾಳೆ ವಿಗ್ರಹದ ರಿಪೇರಿ

ನಮ್ಮ ದೇವರ ಮನೆಯ ವೇಣುಗೋಪಾಲನ ಕೈಯಲ್ಲಿ ಕೊಳಲಿರಲಿಲ್ಲ. ಎರಡೂ ಕೈ ಬಲಗಡೆಗೆ ಎತ್ತಿದ್ದಾನೆ, ಬೆರಳು ಮಡಚಿವೆ, ನಡುವೆ ಖಾಲಿ. ಬಲಮುಷ್ಟಿಯ ತೂತಿನೊಳಗೆ ಹಳೇ ಕೊಳಲಿನ ಚೂರೊಂದು ಸಿಕ್ಕಿಕೊಂಡಿತ್ತು. ಅದರ ಸುತ್ತ ಯಾವುದೋ ಕಾಲದಲ್ಲಿ ಯಾರೋ ಹಾಕಿದ ಸೀಸದ ಬೆಸುಗೆ, ಬೂದು ಬಣ್ಣದ ಗಡ್ಡೆಯಾಗಿ ಕೂತಿತ್ತು. ಪ್ರಭಾವಳಿಯ ಎಡಗಾಲು ಬುಡದಲ್ಲೇ ಮುರಿದು, ದಾರ ಕಟ್ಟಿ ಗೋಡೆಗೆ ಒರಗಿಸಿದ್ದರು. ಪೀಠದ ಮೇಲೆ ವಿಗ್ರಹ ಅಲ್ಲಾಡುತ್ತಿತ್ತು. ಒಟ್ಟು ಮೂರು ಕೆಲಸ. ಏನು ಮಾಡಿದೆ ಅನ್ನೋದರ ಜೊತೆಗೆ ಏನನ್ನು ಮುಟ್ಟದೆ ಬಿಟ್ಟೆ ಅನ್ನೋದನ್ನೂ ಬರೆಯುತ್ತೇನೆ. ಮನೆ ದೇವರ ರಿಪೇರಿಯಲ್ಲಿ ಅದೇ ಅರ್ಧ ಕೆಲಸ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತೆ.

ಮೊದಲು ಮನೆಯವರನ್ನು, ಪುರೋಹಿತರನ್ನು ಕೇಳಿ. ಸುಮ್ನೆ ಸ್ಕ್ರೂಡ್ರೈವರ್ ಎತ್ಕೊಂಡು ಕೂರುವ ವಿಷಯ ಇದಲ್ಲ. ನಮ್ಮ ಪುರೋಹಿತರು ನೋಡಿ ಹೇಳಿದ್ದು ಇಷ್ಟು: ಕೈಕಾಲು, ತಲೆ ಮುರಿದಿದ್ದರೆ ಮಾತು ಬೇರೆ, ಕೊಳಲು, ಪ್ರಭಾವಳಿ, ಪೀಠ ಇವನ್ನೆಲ್ಲ ಸರಿ ಮಾಡಿಸಿಕೊಂಡು ಪೂಜೆ ಮುಂದುವರಿಸಬಹುದು. ಒಂದು ಕಲಶದಲ್ಲಿ ನೀರಿಟ್ಟು ವಿಗ್ರಹದಲ್ಲಿರುವ ಕಳೆಯನ್ನು ಅದಕ್ಕೆ ಆವಾಹನೆ ಮಾಡಿ ಕೊಟ್ಟರು. ಕೆಲಸ ಮುಗಿಯುವವರೆಗೂ ಪೂಜೆ ಕಲಶಕ್ಕೆ. ಇದರಿಂದ ನನಗೆ ಧೈರ್ಯವೂ ಬಂತು, ಅರ ಹಿಡಿಯುವ ಕೈಗೆ ನಿಧಾನವೂ ಬಂತು.

ಎರಡನೆಯದು, ವಿಗ್ರಹವನ್ನು ಓದುವುದು. ಕೈ ಖಾಲಿ ಇದ್ದಾಗ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅತ್ತೆ "ಇದು ಉಡುಪಿ ಕೃಷ್ಣ ಕಣಪ್ಪ, ಕಡೆಗೋಲು ಇತ್ತು" ಅಂತಿದ್ದರು. ಉಡುಪಿ ಕೃಷ್ಣನ ಕೈಯಲ್ಲಿ ಕಡೆಗೋಲು, ಹಗ್ಗ ಇರೋದು ನಿಜ, ಆದರೆ ಅವನು ಬಾಲಕೃಷ್ಣ, ನೇರ ನಿಂತಿರುವವನು. ನಮ್ಮವನು ಎಡಗಾಲ ಮೇಲೆ ಭಾರ ಬಿಟ್ಟು ಬಲಗಾಲನ್ನು ಅಡ್ಡ ಹಾಕಿ ಬೆರಳ ತುದಿಯನ್ನಷ್ಟೇ ನೆಲಕ್ಕೂರಿದ್ದಾನೆ. ಕತ್ತು, ಸೊಂಟ, ಮಂಡಿ ಮೂರು ಕಡೆ ಬಾಗು. ತ್ರಿಭಂಗಿ ಅಂದರೆ ಇದೇ. 13ನೇ ಶತಮಾನದ ಸೋಮನಾಥಪುರದ ದೇವಸ್ಥಾನಕ್ಕೆ ಹೋದವರಿಗೆ ನೆನಪಿರಬಹುದು, ಅಲ್ಲಿನ ಮೂರು ಗರ್ಭಗುಡಿಗಳಲ್ಲಿ ಒಂದು ವೇಣುಗೋಪಾಲನದು. ಹೊಯ್ಸಳ ಶಿಲ್ಪಿ ಕಲ್ಲಲ್ಲಿ ನಿಲ್ಲಿಸಿದ ಅದೇ ಭಂಗಿಯನ್ನು ನಮ್ಮ ಮನೆಯ ವಿಗ್ರಹ ಮಾಡಿದ ಕಂಚುಗಾರ ಒಂದು ಗೇಣಿನೊಳಗೆ ತಂದಿದ್ದಾನೆ. ಗೇಣು ಅಂದದ್ದಕ್ಕೆ ಕಾರಣ ಉಂಟು. ಮನೆಯಲ್ಲಿಡುವ ಪ್ರತಿಮೆ ಹೆಬ್ಬೆರಳಿನ ಗೆಣ್ಣಿನಿಂದ ಒಂದು ಗೇಣಿನವರೆಗೆ ಇರಬೇಕು, ಅದಕ್ಕಿಂತ ದೊಡ್ಡದು ಬೇಡ ಅಂತ ಮತ್ಸ್ಯಪುರಾಣ ಹೇಳುತ್ತೆ. ನಮ್ಮದು ಪದ್ಮದ ಬುಡ ಸೇರಿ 16 ಸೆಂ.ಮೀ., ಪೀಠ ಸೇರಿದರೆ 20. ಈಗ ಹಾಲ್‌ನಲ್ಲಿ ಅಲಂಕಾರಕ್ಕೆ ಅಂತ ಎರಡಡಿ, ಮೂರಡಿ ಹಿತ್ತಾಳೆ ವಿಗ್ರಹ ತರುವವರು ಜಾಸ್ತಿಯಾಗಿದ್ದಾರೆ. ಆದರೆ ದಿನಾ ಕೈಯಲ್ಲಿ ಎತ್ತಿ, ಸ್ನಾನ ಮಾಡಿಸಿ, ಒರೆಸಿ ಇಡುವ ದೇವರಿಗೆ ಗೇಣಿನ ಅಳತೆ ಎಷ್ಟು ಸರಿ ಅಂತ ಈ ಕೆಲಸ ಮಾಡುವಾಗ ಗೊತ್ತಾಯಿತು. ಎಡ ಅಂಗೈಯಲ್ಲಿ ಬೆನ್ನು ಕೂರುತ್ತೆ, ಬಲಗೈಗೆ ಕೆಲಸ ಮಾಡಲು ಜಾಗ ಸಿಗುತ್ತೆ.

ವಾರಗಟ್ಟಲೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದ ಮೇಲೆ ಒಂದು ವಿಷಯ ನಿಚ್ಚಳವಾಯಿತು. ನಾವು ಲಕ್ಷಣ, ಸಂಕೇತ ಅಂತ ಕರೆಯುವುದು ಒಂದು ಕಡೆ, ಗಟ್ಟಿಯಾಗಿ ನಿಲ್ಲಬೇಕಾದ ಲೋಹದ ಲೆಕ್ಕ ಇನ್ನೊಂದು ಕಡೆ ಅಂತ ಇಲ್ಲವೇ ಇಲ್ಲ. ಎರಡೂ ಒಂದೇ ಜಾಗದಲ್ಲಿವೆ. ಕಾಲಿನ ಹತ್ತಿರ ಒಂದು ಪುಟ್ಟ ಹಸು ಕತ್ತು ತಿರುಗಿಸಿ ಕೃಷ್ಣನ ಪಾದ ನೆಕ್ಕುತ್ತಿದೆ. ಭಕ್ತಿಯ ಚಿತ್ರ. ಅದರ ಬೆನ್ನು ಸರಿಯಾಗಿ ಹೋಗಿ ಕೂಡಿಕೊಂಡಿರುವುದು ಎಡಗಾಲಿನ ಗಿಣ್ಣಿಗೆ, ಅಂದರೆ ಇಡೀ ಮೂರ್ತಿಯ ಭಾರ ಬೀಳುವ, ಅತಿ ತೆಳು ಇರುವ ಜಾಗಕ್ಕೆ. ಸೊಂಟದ ವಸ್ತ್ರದ ಎರಡು ಸೆರಗು ಗಾಳಿಗೆ ಹಾರಿದಂತೆ ಇಳಿದು ಪದ್ಮದ ಎಸಳಿಗೆ ತಾಗಿವೆ. ನೋಡಲು ಚೆಂದ, ಜೊತೆಗೆ ಎರಕ ಹೊಯ್ಯುವಾಗ ಕರಗಿದ ಲೋಹ ಕೆಳಗಿನವರೆಗೂ ಹರಿಯಲು ಇನ್ನೆರಡು ದಾರಿ. ಈ ಸೆರಗನ್ನು ಬರೀ ಅಲಂಕಾರ ಅಂತ ಅಂದುಕೊಂಡು ಉಜ್ಜಿ ತೆಳು ಮಾಡಿದರೆ ವಿಗ್ರಹದ ಬಲವನ್ನೇ ತಿಂದ ಹಾಗೆ.

ಬೆನ್ನು ನೋಡಿ. ಅಂಗಡಿಯಲ್ಲಿ ಯಾರೂ ತಿರುಗಿಸಿ ನೋಡಲ್ಲ, ಆದರೆ ವಿಗ್ರಹ ಹೇಗೆ ಹುಟ್ಟಿತು ಅನ್ನೋದು ಬರೆದಿರುವುದೇ ಅಲ್ಲಿ. ನಮ್ಮದರ ಹಿಂದಲೆಯ ಕೆಳಗೆ ಒಂದು, ಎಡ ಭುಜದ ಹಿಂದೆ ಒಂದು, ಹೆಸರುಕಾಳಿನಷ್ಟು ಅಗಲಕ್ಕೆ ಅರ ಹಾಕಿ ಸಮ ಮಾಡಿದ ಗುರುತಿದೆ. ಅರದ ಗೀರು ಇನ್ನೂ ಕಾಣುತ್ತೆ. ಅವು ಲೋಹ ಒಳಗೆ ಹೋದ ನಾಳಗಳ ಬುಡ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಇದನ್ನೇ ವಿವರಿಸಿದ್ದಾನೆ. ಮೇಣದಲ್ಲಿ ಮೂರ್ತಿ ಮಾಡು, ಬೆನ್ನು, ಭುಜದ ಹತ್ತಿರ ದತ್ತೂರಿ ಹೂವಿನ ಹಾಗೆ ಬಾಯಿ ಅಗಲವಾದ ಮೇಣದ ನಾಳ ಕೂಡಿಸು, ನಯವಾದ ಮಣ್ಣನ್ನು ಮೊದಲು ತೆಳ್ಳಗೆ ಬಳಿದು ನೆರಳಲ್ಲಿ ಒಣಗಿಸು, ಆಮೇಲೆ ಇನ್ನೊಂದು ಪದರ, ಮತ್ತೊಂದು ಪದರ, ಕಾಯಿಸಿ ಮೇಣ ಹೊರಗೆ ಬಿಡು, ಖಾಲಿಯಾದ ಜಾಗಕ್ಕೆ ಲೋಹ ಹೊಯ್ಯಿ. ಮೇಣವನ್ನು ಮೊದಲೇ ತೂಗಿಟ್ಟುಕೊಂಡು ಅದರ ಇಷ್ಟು ಪಟ್ಟು ಲೋಹ ಅಂತ ಲೆಕ್ಕವೂ ಅಲ್ಲೇ ಇದೆ. ಈಗಿನ ಅಳತೆಯಲ್ಲಿ ಹೇಳುವುದಾದರೆ ಜೇನುಮೇಣದ ಸಾಂದ್ರತೆ ಒಂದಕ್ಕಿಂತ ಸ್ವಲ್ಪ ಕಡಿಮೆ, ಹಿತ್ತಾಳೆಯದು ಎಂಟೂವರೆ ಆಸುಪಾಸು, ಅಂದರೆ ಹತ್ತಿರಹತ್ತಿರ ಒಂಬತ್ತು ಪಟ್ಟು. ತಮಿಳುನಾಡಿನ ಸ್ವಾಮಿಮಲೈಯಲ್ಲಿ ಸ್ಥಪತಿಗಳು ಇವತ್ತಿಗೂ ಮೇಣದಿಂದಲೇ ಮಾಡುತ್ತಾರೆ. ನಮ್ಮ ಮಂಡ್ಯ ಜಿಲ್ಲೆಯ ನಾಗಮಂಗಲವೂ ಲೋಹದ ಕೆಲಸಕ್ಕೆ ಹಿಂದಿನಿಂದ ಹೆಸರಾದ ಊರು. ಮೊರಾದಾಬಾದ್, ಅಲಿಗಢದ ಕಡೆ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುವುದು ದೊಡ್ಡ ಉದ್ಯಮ. ಎರಡು ಹೋಳಿನ ಅಚ್ಚಲ್ಲಿ ಮಾಡಿದ್ದಕ್ಕೆ ಪಕ್ಕೆಯ ಉದ್ದಕ್ಕೂ, ತೋಳಿನ ಒಳಗಡೆ ಸಣ್ಣ ಕೂಡುಗೆರೆ ಉಳಿದಿರುತ್ತೆ, ಬೆನ್ನಿನ ಕೆತ್ತನೆ ಸರಳವಾಗಿರುತ್ತೆ. ಅದೂ ದೇವರೇ, ಕೈಮುಗಿಯಲು ಏನೂ ಅಡ್ಡಿಯಿಲ್ಲ. ರಿಪೇರಿ ಮಾಡುವವನಿಗೆ ಮಾತ್ರ ಈ ವ್ಯತ್ಯಾಸ ಗೊತ್ತಿರಬೇಕು.

ಲೋಹ ಯಾವುದು ಅಂತ ನೋಡಲು ಅಡುಗೆಮನೆ ತಕ್ಕಡಿ ಸಾಕು. ವಿಗ್ರಹದ ತೂಕ 926 ಗ್ರಾಂ. ಆಮೇಲೆ ತಕ್ಕಡಿ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆಗೆ ತಂದು, ವಿಗ್ರಹವನ್ನು ದಾರದಲ್ಲಿ ಇಳಿಬಿಟ್ಟು, ತಳಕ್ಕೆ, ಪಕ್ಕಕ್ಕೆ ತಾಗದ ಹಾಗೆ ಪೂರ್ತಿ ಮುಳುಗಿಸಿದೆ. ತಕ್ಕಡಿ 111 ತೋರಿಸಿತು. ಭಾಗಿಸಿದರೆ 8.34. ಗಟ್ಟಿ ಹಿತ್ತಾಳೆ, ಪೊಳ್ಳಲ್ಲ. ಪೊಳ್ಳಾಗಿದ್ದು ಒಳಗೆ ಮಣ್ಣು ಉಳಿದಿದ್ದರೆ ಈ ಸಂಖ್ಯೆ ತುಂಬಾ ಕೆಳಗಿಳಿಯುತ್ತಿತ್ತು. ಮುಂದೆ ಬಿಸಿ ಮಾಡುವ ಕೆಲಸ ಇರೋದರಿಂದ ಇದು ಮುಖ್ಯ. ಪೊಳ್ಳು ವಿಗ್ರಹದೊಳಗೆ ನೀರು ಸೇರಿದ್ದರೆ ಕಾಯಿಸುವಾಗ ಅಪಾಯ.

ಇನ್ನು ತೊಳೆಯುವ ಕೆಲಸ. ಇದಕ್ಕೇ ಜಾಸ್ತಿ ಹೊತ್ತು ಹಿಡಿಯಿತು.

ಮಡಿಕೆಗಳಲ್ಲಿ ಗಂಧ, ಕುಂಕುಮ, ತುಪ್ಪದ ಮಸಿ ಎಲ್ಲ ಸೇರಿ ಕಲ್ಲಾಗಿತ್ತು. ಅಂಟುವಾಳದ ಕಾಯಿ ನೆನೆಸಿದ ಬೆಚ್ಚಗಿನ ನೀರಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಬಿದಿರಿನ ಕಡ್ಡಿಯ ತುದಿ ಚೂಪು ಮಾಡಿಕೊಂಡು ಬಿಡಿಸಿದೆ. ಸೂಜಿ, ತಂತಿ ಬ್ರಷ್ ಖಂಡಿತ ಬೇಡ. ಹಳೇ ಟೂತ್‌ಬ್ರಷ್ ಆಗುತ್ತೆ. ಕಿರೀಟದ ನವಿಲುಗರಿಯ ಹಿಂದೆ ತುಂಬಿಕೊಂಡಿದ್ದ ಕಪ್ಪು ಗಟ್ಟಿ ಪೂರ್ತಿ ಹಕ್ಕಳೆಯಾಗಿ ಕಳಚಿ ಬಂದಾಗ ಒಳಗೆ ಗರಿಯ ಒಂದೊಂದು ಎಳೆಯೂ ಉಳಿಯ ಗೀರಿನಲ್ಲಿ ಹಾಗೇ ಇತ್ತು.

ಪದ್ಮದ ಕೆಳಗೆ ಹಸಿರು ಕಿಲುಬು. ಎರಡು ತರಹದ್ದು. ಒಂದು ಮೇಣದಂತೆ ಅಂಟು ಹಸಿರು. ಎಣ್ಣೆ, ತುಪ್ಪ ಕೆಟ್ಟು ಹುಳಿಯಾಗಿ ತಾಮ್ರದ ಜೊತೆ ಸೇರಿದ್ದು, ದೀಪದ ಕಂಬದ ಬತ್ತಿ ಜಾಗದಲ್ಲಿ ನೋಡಿರುತ್ತೀರಲ್ವಾ, ಅದೇ. ಇದು ಬಿಸಿ ನೀರು, ಅಂಟುವಾಳಕ್ಕೆ ಹೋಗುತ್ತೆ. ಇನ್ನೊಂದು ತಿಳಿ ಹಸಿರು ಪುಡಿ, ಒರೆಸಿದರೂ ಕೆಲವೇ ದಿನದಲ್ಲಿ ಮತ್ತೆ ಅದೇ ಜಾಗದಲ್ಲಿ ಬರುವಂಥದ್ದು. ಅದಕ್ಕೆ ಮೂಲ ಉಪ್ಪು. ಹುಣಸೆಹಣ್ಣಿಗೆ ಉಪ್ಪು ಸೇರಿಸಿ ಉಜ್ಜುವ ಅಭ್ಯಾಸ ಮನೆಮನೆಯಲ್ಲೂ ಇದೆ, ಫಳಫಳ ಅನ್ನುತ್ತೆ ನಿಜ. ಆದರೆ ಮೂಲೆಯಲ್ಲಿ ಉಳಿದ ಉಪ್ಪು ಗಾಳಿಯ ತೇವ ಎಳೆದುಕೊಂಡು ಲೋಹವನ್ನು ನಿಧಾನವಾಗಿ ತಿನ್ನುತ್ತಲೇ ಇರುತ್ತೆ. ವಿಗ್ರಹದ ಮೊಣಕಾಲಿನ ಹಿಂದೆ, ಪದ್ಮದ ಎಸಳುಗಳ ನಡುವೆ ಅಲ್ಲಲ್ಲಿ ನಸುಗೆಂಪು ಮಚ್ಚೆ ಕಾಣಿಸಿದರೆ ಅದು ಕುಂಕುಮ ಅಂದುಕೊಳ್ಳಬೇಡಿ. ಹಿತ್ತಾಳೆ ಅಂದರೆ ತಾಮ್ರ, ಸತು ಸೇರಿದ್ದು. ಹುಳಿ, ಉಪ್ಪು ಸತುವನ್ನು ಕರಗಿಸಿಕೊಂಡು ಹೋಗಿ ಬರೀ ತಾಮ್ರದ ಟೊಳ್ಳು ಪದರ ಉಳಿದ ಗುರುತು ಅದು. ಅಲ್ಲಿ ಮತ್ತೆ ಹುಳಿ ಹಚ್ಚಿದರೆ ಇನ್ನಷ್ಟು ಸತು ಹೋಗುತ್ತೆ. ನಾನು ಹಸಿರು ಪುಡಿ ಇದ್ದ ಕಡೆ ಮಾತ್ರ ತೆಳು ಹುಣಸೆ ನೀರನ್ನು ಹತ್ತಿಯಲ್ಲಿ ಒತ್ತಿ, ಒಂದೆರಡು ನಿಮಿಷಕ್ಕೆ ತೊಳೆದು, ಅಡುಗೆ ಸೋಡ ಕರಗಿಸಿದ ನೀರಲ್ಲಿ ಅದ್ದಿ, ಮತ್ತೆ ಒಳ್ಳೆ ನೀರಲ್ಲಿ ತೊಳೆದು, ಹೇರ್ ಡ್ರೈಯರ್‌ನಿಂದ ಮೂಲೆ ಮೂಲೆ ಒಣಗಿಸಿದೆ.

ಅಮೋನಿಯ ಇರುವ ಕ್ಲೀನರ್ ಹಿತ್ತಾಳೆಗೆ ಮುಟ್ಟಿಸಬೇಡಿ. ಇದಕ್ಕೊಂದು ಹಳೇ ಕಥೆಯಿದೆ, ಅದೂ ನಮ್ಮ ದೇಶದ್ದೇ. ಬ್ರಿಟಿಷ್ ಸೈನ್ಯದ ಹಿತ್ತಾಳೆ ತೋಟಾಗಳು ಭಾರತದಲ್ಲಿ ಮಳೆಗಾಲ ಬಂದರೆ ತಾವೇ ಬಿರುಕು ಬಿಡುತ್ತಿದ್ದವು. ಅವನ್ನು ಇಡುತ್ತಿದ್ದದ್ದು ಕುದುರೆ ಲಾಯದ ಹತ್ತಿರ. ಕುದುರೆ ಗಂಜಲದ ಅಮೋನಿಯ, ಮಳೆಗಾಲದ ತೇವ, ಲೋಹದೊಳಗೆ ಮೊದಲೇ ಇದ್ದ ಬಿಗಿತ ಮೂರೂ ಸೇರಿ ಹೀಗಾಗುತ್ತೆ ಅಂತ 1921ರಲ್ಲಿ ಬಿಡಿಸಿ ಹೇಳಿದರು. ಪ್ರಭಾವಳಿಯಂಥ ತೆಳು, ಬಡಿದು ಬಗ್ಗಿಸಿದ ಭಾಗಗಳಿಗೆ ಇದೇ ಗತಿ ಬರಬಹುದು.

ಸೀಸದ ಗಡ್ಡೆ ತೆಗೆಯುವುದು. ಇದು ನನಗೆ ಎಲ್ಲಕ್ಕಿಂತ ಮೊದಲು ಆಗಬೇಕಿತ್ತು, ಯಾಕೆಂದರೆ ಅಭಿಷೇಕದ ಹಾಲು, ಮೊಸರು ಇದರ ಮೇಲೆ ಹರಿಯುತ್ತೆ. ಸೀಸ ತವರದ ಬೆಸುಗೆ 183 ಡಿಗ್ರಿಯಿಂದಲೇ ಕರಗಲು ಶುರುವಾಗುತ್ತೆ, ಆದರೆ ಕಿಲೋ ಹತ್ತಿರದ ಹಿತ್ತಾಳೆ ಬಿಸಿಯನ್ನೆಲ್ಲ ಎಳೆದುಕೊಂಡುಬಿಡುತ್ತೆ. ಸಣ್ಣ ಸೋಲ್ಡರಿಂಗ್ ಐರನ್ ಇಟ್ಟರೆ ಏನೂ ಆಗಲ್ಲ. ಹಳೇ ಬಾಣಲೆಯಲ್ಲಿ ಒಣ ಮರಳು ಹಾಕಿ, ಸಣ್ಣ ಉರಿಯಲ್ಲಿ ಕಾಯಿಸಿ, ವಿಗ್ರಹವನ್ನು ಸೊಂಟದವರೆಗೆ ಹೂತಿಟ್ಟೆ. ಇಡೀ ಮೂರ್ತಿ ನೀರಿನ ಹನಿ ಹಾಕಿದರೆ ಚುಂಯ್ ಅನ್ನುವಷ್ಟು ಬಿಸಿಯಾದ ಮೇಲೆ 60 ವಾಟಿನ ಐರನ್ ಸಾಕಾಯಿತು. ಕರಗಿದ ಬೆಸುಗೆಯನ್ನು ತಾಮ್ರದ ಹೆಣಿಗೆ ಪಟ್ಟಿ ಹೀರಿಕೊಂಡಿತು. ಕಿಟಕಿ ತೆಗೆದು, ಮಾಸ್ಕ್, ಗ್ಲೌಸ್ ಹಾಕಿಕೊಂಡು ಮಾಡಿ. ಆ ಬಾಣಲೆ ಮತ್ತೆ ಅಡುಗೆಮನೆಗೆ ಹೋಗಬಾರದು. ಹಳೇ ಎರಕಗಳಲ್ಲೇ ಸ್ವಲ್ಪ ಸೀಸ ಬೆರೆತಿರುವುದುಂಟು. ಅದಕ್ಕೇ ನಮ್ಮಲ್ಲಿ ಕುಡಿಯುವ ತೀರ್ಥ ಸಾಲಿಗ್ರಾಮದ್ದು, ಬೆಳ್ಳಿ ಬಟ್ಟಲಲ್ಲಿ ಹಿಡಿದದ್ದು. ಹಿತ್ತಾಳೆ ವಿಗ್ರಹದ ಅಭಿಷೇಕದ ನೀರು ಗಿಡಕ್ಕೆ. ಪಂಚಾಮೃತವನ್ನಂತೂ ಹಿತ್ತಾಳೆ ತಟ್ಟೆಯಲ್ಲಿ ಗಂಟೆಗಟ್ಟಲೆ ಬಿಡಲೇಬೇಡಿ, ಮೊಸರಿನ ಹುಳಿ ತಾಮ್ರವನ್ನು ಕರಗಿಸಿಕೊಳ್ಳುತ್ತೆ.

ಗಡ್ಡೆ ಹೋದ ಮೇಲೆ ಹಳೇ ಕೊಳಲಿನ ಚೂರು ಹಿಂದಿನಿಂದ ತಳ್ಳಿದರೆ ಈಚೆ ಬಂತು. ಆಗ ಮುಷ್ಟಿಗಳ ತೂತು ಕಾಣಿಸಿತು. ಡ್ರಿಲ್ ಬಿಟ್‌ಗಳ ಹಿಂಬದಿ ತೂರಿಸಿ ಅಳೆದೆ. ಬಲಮುಷ್ಟಿಗೆ 3 ಮಿ.ಮೀ. ಸಲೀಸಾಗಿ ಹೋಗುತ್ತೆ. ಎಡಮುಷ್ಟಿಗೆ 2.5 ಹೋಗುತ್ತೆ, 3 ಹೋಗಲ್ಲ. ಬಾಯಿಯ ಹತ್ತಿರ ಇರುವುದು ಎಡಗೈ, ದೂರದ್ದು ಬಲಗೈ. ಅಂದರೆ ಕೊಳಲು ಒಂದು ತುದಿಗೆ ಸಣ್ಣಗಾಗುತ್ತಾ ಹೋಗಬೇಕು, ಬಲಗಡೆಯಿಂದ ತೂರಿಸಿದರೆ ಎರಡೂ ಮುಷ್ಟಿಯಲ್ಲಿ ಏಕಕಾಲಕ್ಕೆ ಬಿಗಿಯಾಗಿ ನಿಲ್ಲಬೇಕು. ಬೆಸುಗೆ ಬೇಕೇ ಇಲ್ಲ! ಮಾಡಿದವನು ಯೋಚಿಸಿಯೇ ಹೀಗೆ ಮಾಡಿದ್ದಾನೆ. ಕೊಳಲು ಬಗ್ಗಿದರೆ, ಮುರಿದರೆ ಬಿಚ್ಚಿ ಬೇರೆ ಹಾಕಲಿ ಅಂತ. ಆಮೇಲೆ ಬಂದವರು ಯಾರೋ ಅದನ್ನು ನೋಡದೆ ಸೀಸ ಸುರಿದಿದ್ದಾರೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 4 ಮಿ.ಮೀ. ಹಿತ್ತಾಳೆ ತಂತಿ ತಂದೆ. ರಾಡ್ ಯಾಕೆ ಬೇಡ ಅಂದರೆ, ಲೇತ್ ಕೆಲಸಕ್ಕೆ ಅಂತ ಮಾರುವ ಹಿತ್ತಾಳೆ ರಾಡಿನಲ್ಲಿ ಕತ್ತರಿಸಲು ಸುಲಭವಾಗಲಿ ಅಂತ ನೂರಕ್ಕೆ ಎರಡು ಮೂರರಷ್ಟು ಸೀಸ ಹಾಕಿರುತ್ತಾರೆ. ಸೀಸ ತೆಗೆದ ಜಾಗಕ್ಕೆ ಮತ್ತೆ ಸೀಸ ತರುವುದು ಬೇಡ. ನನ್ನ ಹತ್ತಿರ ಲೇತ್ ಇಲ್ಲ. ಕೈ ಡ್ರಿಲ್ಲನ್ನು ಬೆಂಚಿಗೆ ಬಿಗಿದು, ಚಕ್‌ನಲ್ಲಿ ತಂತಿ ಸಿಕ್ಕಿಸಿ ತಿರುಗಿಸುತ್ತಾ, ಇನ್ನೊಂದು ತುದಿಯನ್ನು ಮರದ ತುಂಡಿನ ಕಚ್ಚಿನಲ್ಲಿ ಆನಿಸಿ, ಸಣ್ಣ ಹಲ್ಲಿನ ಅರವನ್ನು ಹಗುರವಾಗಿ ಒತ್ತಿ ಹಿಡಿದೆ. ಸ್ವಲ್ಪ ತೆಗೆಯುವುದು, ನಿಲ್ಲಿಸುವುದು, ವರ್ನಿಯರ್ ಇಟ್ಟು ನೋಡುವುದು, ಮುಷ್ಟಿಗೆ ತೂರಿಸಿ ನೋಡುವುದು. ಕೊನೆಯ ಕೂದಲೆಳೆಯಷ್ಟನ್ನು ಅರದಲ್ಲಿ ತೆಗೆಯಬೇಡಿ, 400, ಆಮೇಲೆ 600 ನಂಬರ್ ಎಮರಿ ಪೇಪರ್‌ನಲ್ಲಿ ತೆಗೆಯಿರಿ. ಬಲ ತುದಿಯಲ್ಲಿ ಒಂದಿಷ್ಟು ದಪ್ಪ ಬಿಟ್ಟು ಬಳೆಯಂಥ ಎರಡು ಗೆರೆ ಕೊರೆದೆ. ಉದ್ದ 64 ಮಿ.ಮೀ. ಬಂತು, ಬಲ ಮೊಣಕೈನ ನೇರಕ್ಕೆ ಮುಗಿಯುವ ಹಾಗೆ.

ಕೊಳಲಿನ ತೂತುಗಳು. ನಮ್ಮ ಕರ್ನಾಟಕ ಸಂಗೀತದ ಕೊಳಲಿಗೆ ಊದುವ ರಂಧ್ರ ಒಂದು, ಬೆರಳಿನದು ಎಂಟು. ಇಷ್ಟು ಸಣ್ಣ ಕಡ್ಡಿಯಲ್ಲಿ ಪೂರ್ತಿ ಕೊರೆದರೆ ಬಲ ಹೋಗುತ್ತೆ, ಅದಕ್ಕೆ 0.8 ಮಿ.ಮೀ. ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಬರೀ ಗುಳಿ ಮಾಡಿದೆ. ಯಾರಿಗೂ ಕಾಣಲ್ಲ ಬಿಡಿ ಅಂದರು ಮನೆಯಲ್ಲಿ. ಬೆನ್ನ ಮೇಲಿನ ಹಾರದ ಕೊಂಡಿಯನ್ನೂ ಕೆತ್ತಿದವನ ವಿಗ್ರಹಕ್ಕೆ ಕೊಳಲು ಮಾಡುವಾಗ ಕಾಣುತ್ತೋ ಇಲ್ವೋ ಅನ್ನೋ ಲೆಕ್ಕ ಹಾಕುವುದು ನನಗೆ ಸರಿ ಕಾಣಲಿಲ್ಲ. ಎಂಟೂ ಇವೆ. ಊದುವ ರಂಧ್ರ ಮಾತ್ರ ಕೊಂಚ ದೊಡ್ಡದು, ಅದು ತುಟಿಯ ಕೆಳಗೆ ಬರುವಂತೆ ಕೊಳಲನ್ನು ತಿರುಗಿಸಿ ಒತ್ತಿ ಕೂರಿಸಿದೆ. ಬಿಗಿಯಾಗಿ ನಿಂತಿತು. ತುಟಿಗೂ ಕೊಳಲಿಗೂ ಒಂದು ಅಕ್ಕಿಕಾಳಿನಷ್ಟು ಅಂತರ ಉಳಿದಿದೆ. ಮುಷ್ಟಿಗಳ ನೇರ ಇರೋದೇ ಹಾಗೆ, ಅಂದರೆ ಮೊದಲಿನದೂ ಅಷ್ಟೇ ದೂರದಲ್ಲಿತ್ತು.

ಪ್ರಭಾವಳಿಗೆ ಬರೋಣ. ಮೇಲೆ ನಡುವೆ ಸಿಂಹಲಲಾಟ, ಕೆಲವರು ಕೀರ್ತಿಮುಖ ಅನ್ನುತ್ತಾರೆ. ರಾಹುವನ್ನು ತಿನ್ನಲು ಶಿವ ಸೃಷ್ಟಿಸಿದ ಜೀವಿ, ಕೊನೆಗೆ ಶಿವನ ಮಾತಿನಂತೆ ತನ್ನ ಮೈಯನ್ನೇ ತಿಂದು ಮುಖ ಮಾತ್ರ ಉಳಿದ ಕಥೆ ಗೊತ್ತಿರುತ್ತೆ. ಅದರ ಬಾಯಿಂದ ಇಳಿದ ಬಳ್ಳಿ ಎರಡೂ ಕಡೆ ಮಕರಗಳಿಗೆ ಬಂದು ಸೇರುತ್ತೆ, ಹೊರ ಅಂಚಿಗೆ ಸಾಲಾಗಿ ಜ್ವಾಲೆ. ಬುಡದಲ್ಲಿ ಎರಡು ಕಾಲು, ಅವು ಪೀಠದ ತೂತಿಗೆ ಇಳಿಯುತ್ತವೆ. ಎಡಗಾಲಿನ ಮುರಿದ ತುಂಡು ಪೀಠದೊಳಗೇ ಉಳಿದಿತ್ತು. ಪೀಠ ಕೆಳಗಿನಿಂದ ಪೊಳ್ಳು, ಹಾಗಾಗಿ ತಿರುಗಿಸಿ ಹಿಡಿದು ಸಣ್ಣ ಪಂಚ್ ಇಟ್ಟು ತಟ್ಟಿದರೆ ಬಂತು. ಹೊಸ ಕಾಲಿಗೆ 6 ಮಿ.ಮೀ. ಅಗಲದ ಹಿತ್ತಾಳೆ ಪಟ್ಟಿ. ತುದಿಗೆ ತುದಿ ಇಟ್ಟು ಬೆಸೆದರೆ ನಿಲ್ಲಲ್ಲ. ಎರಡನ್ನೂ ಅರ್ಧ ದಪ್ಪಕ್ಕೆ ಅರೆದು, ಒಂದರ ಮೇಲೊಂದು 8 ಮಿ.ಮೀ. ಕೂರುವಂತೆ ಮಾಡಿಕೊಂಡೆ.

ಬೆಸುಗೆಯನ್ನು ನಾನು ಮಾಡಲಿಲ್ಲ. ಅದಕ್ಕೆ ಗ್ಯಾಸ್ ಉರಿ ಬೇಕು, ಅದಕ್ಕಿಂತ ಹೆಚ್ಚಾಗಿ ಕಣ್ಣು ಬೇಕು. ನಮ್ಮ ಪೇಟೆಯಲ್ಲಿ ಹಳೇ ಪಾತ್ರೆ, ದೀಪದ ಕಂಬ ಸರಿಮಾಡುವ ಹಿರಿಯರೊಬ್ಬರ ಹತ್ತಿರ ತಗೊಂಡು ಹೋದೆ. ಪ್ರಭಾವಳಿಯನ್ನು ಪೀಠಕ್ಕೇ ಬೆಸೆದುಬಿಡಲಾ, ಗಟ್ಟಿ ಇರುತ್ತೆ ಅಂದರು. ಬೇಡ ಅಂದೆ. ಅಭಿಷೇಕದ ದಿನ ಪ್ರಭಾವಳಿ ತೆಗೆದಿಟ್ಟರೆ ತಾನೇ ಹಿಂದಿನಿಂದಲೂ ತೊಳೆಯೋಕೆ ಆಗೋದು? ಅವರು ತಲೆಯಾಡಿಸಿ ಕೆಲಸಕ್ಕೆ ಕೂತರು. ಬಿಳಿಗಾರವನ್ನು ನೀರಲ್ಲಿ ಅರೆದು ಗಂಧದ ಹಾಗೆ ಮಾಡಿ ಎರಡೂ ಮುಖಕ್ಕೆ ಹಚ್ಚಿದರು. ಪಕ್ಕದ ಮಕರಕ್ಕೆ ಒದ್ದೆ ಬಟ್ಟೆ ಸುತ್ತಿದರು. "ಸಾರ್, ಆ ಲೈಟ್ ಆಫ್ ಮಾಡಿ" ಅಂತ ಹೇಳಿ ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದರು. ಬೆಳಕಿದ್ದರೆ ಲೋಹದ ಬಣ್ಣ ಗೊತ್ತಾಗಲ್ಲ.

ಉರಿಯನ್ನು ಮೊದಲು ದಪ್ಪ ಕಡೆಗೆ ಹಿಡಿದರು, ಬೆಸುಗೆ ಜಾಗಕ್ಕೆ ಅಲ್ಲ. ಬಿಳಿಗಾರ ನೊರೆನೊರೆಯಾಗಿ ಉಬ್ಬಿತು, ಇಳಿಯಿತು, ಆಮೇಲೆ ಗಾಜಿನ ಹಾಗೆ ತಿಳಿಯಾಗಿ ಹರಡಿತು. ಲೋಹ ಮಂಕು ಕೆಂಪಿಗೆ ತಿರುಗಿತು, ಹಳೇ ಇಟ್ಟಿಗೆಯ ಬಣ್ಣವೂ ಅಲ್ಲ, ಕತ್ತಲಲ್ಲಿ ಮಾತ್ರ ಕಾಣುವ ಕೆಂಪು. ಆಗ ಬೆಳ್ಳಿ ಬೆಸುಗೆಯ ಕಡ್ಡಿ ಮುಟ್ಟಿಸಿದರು. ಕರಗಿದ ಹನಿ ಒಂದು ಕ್ಷಣ ಗುಂಡಗೆ ನಿಂತು, ಸರ್ರನೆ ಸಂದಿಯೊಳಗೆ ಎಳೆದುಕೊಂಡು ಹೋಗಿ ಆ ಕಡೆ ಅಂಚಿನಲ್ಲಿ ಬೆಳ್ಳಿ ಗೆರೆಯಾಗಿ ಮೂಡಿತು. ಉರಿ ತಕ್ಷಣ ಆಚೆ. "ಬಿಳಿ ಹೊಗೆ ಬಂದ್ರೆ ಮುಗೀತು ಸಾರ್, ಹಿತ್ತಾಳೆ ಹಾರೋಗ್ತಿದೆ ಅಂತ" ಅಂದರು. ಮಾತು ನೂರಕ್ಕೆ ನೂರು ಸರಿ. ಬೆಳ್ಳಿ ಬೆಸುಗೆ 650ರಿಂದ 700 ಡಿಗ್ರಿಗೆ ಕರಗುತ್ತೆ. ಹಿತ್ತಾಳೆ ಕರಗುವುದು 900 ದಾಟಿದ ಮೇಲೆ, ಸತು ಕುದಿಯುವುದೂ 907ರಲ್ಲಿ. ಈ ಇನ್ನೂರು ಡಿಗ್ರಿ ಅಂತರವನ್ನು ಥರ್ಮಾಮೀಟರ್ ಇಲ್ಲದೆ ಕಣ್ಣಲ್ಲೇ ಹಿಡಿಯುತ್ತಾರೆ. ಕ್ಯಾಡ್ಮಿಯಂ ಇಲ್ಲದ ಬೆಸುಗೆ ಕಡ್ಡಿಯೇ ಆಗಬೇಕು ಅಂತ ಮೊದಲೇ ಕೇಳಿಕೊಳ್ಳಿ, ಕ್ಯಾಡ್ಮಿಯಂ ಹೊಗೆ ಬೆಸುಗೆ ಮಾಡುವವರ ಪ್ರಾಣಕ್ಕೇ ಕುತ್ತು. ಅಂಟಿದ ಬಿಳಿಗಾರದ ಗಾಜು ಬಿಸಿ ನೀರಲ್ಲಿ ನೆನೆಸಿದ ಮೇಲೆ ಕಳಚಿತು.

ಪೀಠದ ಅಲ್ಲಾಟ ಸುಲಭದ್ದು. ಪದ್ಮದ ಕೆಳಗಿನ ಗೂಟ ಸವೆದು ತೂತು ಸಡಿಲವಾಗಿತ್ತು. ಎಂ-ಸೀಲ್ ಹಾಕಿ ಅಂತ ಎಲ್ಲರೂ ಹೇಳಿದರು. ಅಂಟು ಹಾಕಿದರೆ ಒಳಗೆ ಹೋದ ನೀರು ಅಲ್ಲೇ ಕೂತು ಮತ್ತೆ ಕಿಲುಬು. ಅದರ ಬದಲು 0.3 ಮಿ.ಮೀ. ಹಿತ್ತಾಳೆ ತಗಡನ್ನು ಗೂಟದ ಸುತ್ತ ಒಂದು ಸುತ್ತು ಸುತ್ತಿ ಒತ್ತಿ ಇಳಿಸಿದೆ. ನೇರ ಇದೆಯಾ ನೋಡಲು ದಾರಕ್ಕೆ ಸಣ್ಣ ಭಾರ ಕಟ್ಟಿ ಹಣೆಯ ನಡುವಿನಿಂದ ಬಿಟ್ಟೆ. ಮೂರು ಕಡೆ ಬಾಗಿದ ಮೈ, ಆದರೂ ದಾರ ಬಂದು ನಿಂತದ್ದು ಭಾರ ಹೊತ್ತ ಎಡ ಹಿಮ್ಮಡಿಯ ನೇರಕ್ಕೆ. ಎಷ್ಟು ಬಾಗಿದರೂ ಬೀಳದ ಹಾಗೆ ಅಳೆದು ಮಾಡಿದ್ದಾನೆ.

ಇನ್ನು ಮುಟ್ಟದೆ ಬಿಟ್ಟದ್ದು. ಮುಖ. ತಲೆಮಾರುಗಳ ಅಭಿಷೇಕ, ಒರೆಸುವ ಬಟ್ಟೆ, ಗಂಧ ಹಚ್ಚುವ ಬೆರಳು ಎಲ್ಲ ಸೇರಿ ಮೂಗಿನ ತುದಿ ಚಪ್ಪಟೆಯಾಗಿದೆ, ಕಣ್ಣಿನ ಗೆರೆ ಹತ್ತಿರ ಹತ್ತಿರ ಅಳಿಸಿದೆ. ದೀಪವನ್ನು ಪಕ್ಕದಿಂದ ಹಿಡಿದರೆ ಮಾತ್ರ ನಗು ಕಾಣುತ್ತೆ. ಒಂದು ಅಂಗಡಿಯಲ್ಲಿ ಕಣ್ಣು, ಹುಬ್ಬು ಹೊಸದಾಗಿ ಕೆತ್ತಿ, ಮೆಷಿನ್ ಬಫ್ ಹೊಡೆದು, ಲ್ಯಾಕರ್ ಹಾಕಿ ಕೊಡ್ತೀವಿ ಅಂದರು. ಕಣ್ಣು ತೆರೆಸುವುದು ಶಿಲ್ಪಿಯ ಕೊನೆಯ, ಅತಿ ದೊಡ್ಡ ಕೆಲಸ. ನೇತ್ರೋನ್ಮೀಲನಕ್ಕೆ ಮುಹೂರ್ತ, ಮಂತ್ರ ಎಲ್ಲ ಇದೆ. ಅದನ್ನು ಒಮ್ಮೆ ಮಾಡಿ ಆಗಿದೆ. ಮತ್ತೊಬ್ಬರು ಮೇಲೆ ಗೀಚಿದರೆ ಅದು ಬೇರೆಯದೇ ಮುಖ. ಬಫ್ ಮಾಡುವ ಚಕ್ರ ಕೊಳೆಯನ್ನಲ್ಲ, ಲೋಹವನ್ನೇ ತೆಗೆಯುತ್ತೆ. ಬೆನ್ನಿನ ಕಡೆ ಯಾರೂ ಉಜ್ಜಿಲ್ಲ, ಅಲ್ಲಿ ಹಾರದ ಒಂದೊಂದು ಮಣಿಯೂ ಇವತ್ತು ಕೆತ್ತಿದ ಹಾಗೆ ಚೂಪಾಗಿದೆ. ಮುಂದಿನ ಸವೆತವನ್ನು ನೋಡಿದರೆ ಎಷ್ಟು ಕೈಗಳು ಇವನನ್ನು ಎತ್ತಿ ಸ್ನಾನ ಮಾಡಿಸಿವೆ ಅಂತ ಗೊತ್ತಾಗುತ್ತೆ. ಅದನ್ನು ಅಳಿಸುವ ಹಕ್ಕು ನನಗಿದೆ ಅಂತ ಅನ್ನಿಸಲಿಲ್ಲ. ಲ್ಯಾಕರ್ ಕೂಡ ಪೂಜೆಯ ವಿಗ್ರಹಕ್ಕೆ ಒಗ್ಗಲ್ಲ. ಎಲ್ಲೋ ಒಂದು ಕಡೆ ಗೀರಿ ಕೆಳಗೆ ನೀರು ಸೇರಿದರೆ ಆ ಪದರದ ಅಡಿಯಲ್ಲೇ ಕಪ್ಪಾಗುತ್ತೆ, ಆಮೇಲೆ ಥಿನ್ನರ್ ಹಾಕಿ ತೆಗೆಯಬೇಕು.

ಕೊನೆಗೆ ಹಚ್ಚಿದ್ದು ಜೇನುಮೇಣ. ಹೇರ್ ಡ್ರೈಯರ್‌ನಲ್ಲಿ ವಿಗ್ರಹವನ್ನು ಬೆಚ್ಚಗೆ ಮಾಡಿ, ಹತ್ತಿ ಬಟ್ಟೆಯಲ್ಲಿ ಮೇಣವನ್ನು ತೆಳ್ಳಗೆ ಸವರಿ, ಆರಿದ ಮೇಲೆ ಒಣ ಬಟ್ಟೆಯಲ್ಲಿ ಉಜ್ಜಿದರೆ ಸಾಕು. ಕೊಬ್ಬರಿ ಎಣ್ಣೆ ಬೇಡ, ಕೆಟ್ಟ ಎಣ್ಣೆಯಿಂದಲೇ ಆ ಅಂಟು ಹಸಿರು ಬರೋದು. ಈಗ ದಿನಾ ಒಣ ಬಟ್ಟೆ ಅಷ್ಟೇ. ಅಭಿಷೇಕವಾದ ದಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸುವುದು. ಹುಣಸೆಹಣ್ಣು ಗೋಕುಲಾಷ್ಟಮಿಗೆ ಮಾತ್ರ, ಉಪ್ಪು ಇಲ್ಲದೆ. ಹೊಸ ಕೊಳಲು ಮೊದಲು ತೀರಾ ಹಳದಿ ಹೊಡೆಯುತ್ತಿತ್ತು, ಬಣ್ಣ ಹೊಂದಿಸಲು ಏನೂ ಹಚ್ಚಲಿಲ್ಲ, ದೀಪದ ಹೊಗೆಗೆ, ಗಾಳಿಗೆ ಈಗಾಗಲೇ ಮಂಕಾಗುತ್ತಿದೆ. ಪುಣ್ಯಾಹ ಮಾಡಿ ಕಲಶದ ನೀರನ್ನು ಮೂರ್ತಿಗೆ ಎರೆದು ಪುರೋಹಿತರು ಮತ್ತೆ ಪ್ರತಿಷ್ಠೆ ಮಾಡಿಕೊಟ್ಟರು. ಹಳೇ ಕೊಳಲಿನ ಚೂರು, ಮುರಿದ ಕಾಲು ಎರಡನ್ನೂ ಒಂದು ಡಬ್ಬಿಯಲ್ಲಿ ಹಾಕಿ, ಯಾವ ಬೆಸುಗೆ, ಎಲ್ಲಿ, ಯಾವ ಅಳತೆ ಅಂತ ಚೀಟಿ ಬರೆದು ಜೊತೆಗಿಟ್ಟಿದ್ದೇನೆ. ಮುಂದೆ ರಿಪೇರಿ ಮಾಡುವವರಿಗೆ ಬೇಕಾಗುತ್ತೆ.

ಒಂದು ಕೆಲಸ ಬಾಕಿ ಇದೆ. ಎಡಗಡೆ ಮಕರದ ಸೊಂಡಿಲ ತುದಿ ಮುರಿದು ಕಳೆದುಹೋಗಿದೆ. ಬಲಗಡೆಯದರ ಅಚ್ಚು ತೆಗೆದು ಎರಕ ಹೊಯ್ದರೆ ಆಗಲ್ಲ, ಸುರುಳಿ ಎದುರು ದಿಕ್ಕಿಗೆ ತಿರುಗಬೇಕು. ಮೇಣದಲ್ಲಿ ಕೈಯಿಂದಲೇ ಮಾಡಬೇಕು, ಅದೂ ನೋಡಿಕೊಂಡು ಮಾಡಲು ಬರುವವರೇ ಆಗಬೇಕು. ಸಂಕ್ರಾಂತಿ ಕಳೆದ ಮೇಲೆ ಪ್ರಭಾವಳಿಯನ್ನಷ್ಟೇ ತಗೊಂಡು ನಾಗಮಂಗಲಕ್ಕೆ ಹೋಗಿ ಕೇಳಿ ಬರುತ್ತೇನೆ.